ಓದನ್ನು ಕಲಿಯಬಹುದು: ಒಪ್ಪದವರಿಗೆ ಉತ್ತರ

ಲೆಕ್ಕ ಬರುವುದಿಲ್ಲ ಎಂದು ಬಂದ ಹುಡುಗನಿಗೆ ‘ದಿನಾ ಹತ್ತು ಲೆಕ್ಕ ಮಾಡು, ಬರುತ್ತೆ’ ಎಂದು ಧೈರ್ಯ ತುಂಬುವ ಮೇಷ್ಟ್ರು, ಪ್ಯಾಸೇಜು ಅರ್ಥವಾಗುವುದಿಲ್ಲ ಎಂದು ಬಂದ ಹುಡುಗಿಗೆ ಹಾಗೆ ಹೇಳುವುದಿಲ್ಲ. ‘ಅದು ಚಿಕ್ಕಂದಿನಿಂದ ಬರಬೇಕು’ ಎನ್ನುತ್ತಾರೆ. ಇಲ್ಲವಾದರೆ ಒಂದು ಪದಪಟ್ಟಿಯನ್ನೋ ಎರಡು ಉಪಾಯಗಳನ್ನೋ ಕೈಗಿತ್ತು ಕಳಿಸುತ್ತಾರೆ. ಐಐಎಂಗಳ ಪ್ರವೇಶಕ್ಕೆ ನಡೆಯುವ ಕ್ಯಾಟ್ ಪರೀಕ್ಷೆಗೆ ಓದುತ್ತಿರುವ ನಮ್ಮ ಸಾವಿರಾರು ಪದವೀಧರರು ಈ ಎರಡು ಸಲಹೆಗಳ ನಡುವೆ ಸಿಕ್ಕಿ ಒಂದು ವರ್ಷವನ್ನು, ಕೆಲವೊಮ್ಮೆ ಎರಡು ವರ್ಷವನ್ನು ಕಳೆದುಕೊಳ್ಳುತ್ತಿದ್ದಾರೆ.

ನನ್ನ ನಿಲುವು ಸರಳವಾದದ್ದು. ಆರ್‌ಸಿ ಎಂದು ಎಲ್ಲರೂ ಕರೆಯುವ ಓದುಗ್ರಹಿಕೆ ಕಲಿಯಬಹುದಾದ ವಿದ್ಯೆ. ಪದವಿ ಮುಗಿಸಿದ ವಯಸ್ಸಿನಲ್ಲೂ ಅದನ್ನು ಕಲಿಯಬಹುದು, ಕನ್ನಡ ಮೀಡಿಯಂನಲ್ಲಿ ಓದಿ ಬಂದವರೂ ಕಲಿಯಬಹುದು. ಆದರೆ ಅದಕ್ಕೆ ಇರುವುದು ಒಂದೇ ದಾರಿ: ಕಷ್ಟದ ಗದ್ಯವನ್ನು ದಿನವೂ ನಿಧಾನವಾಗಿ ಓದುವುದು, ಓದಿದ್ದು ದಕ್ಕಿತೇ ಎಂದು ಪಠ್ಯಕ್ಕೇ ಹಿಂದಿರುಗಿ ಪರೀಕ್ಷಿಸಿಕೊಳ್ಳುವುದು. ಈ ಮಾತನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಪರೀಕ್ಷೆ ಪಾಸಾದವರಿದ್ದಾರೆ, ಕೋಚಿಂಗ್ ಸೆಂಟರಿನಲ್ಲಿ ಪಾಠ ಮಾಡುವವರಿದ್ದಾರೆ, ಮಕ್ಕಳ ಹಿತವನ್ನೇ ಬಯಸುವ ತಂದೆತಾಯಿಗಳೂ ಇದ್ದಾರೆ. ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವುದು ಈ ಬರಹದ ಉದ್ದೇಶ.

ಮೊದಲು ಪರೀಕ್ಷೆಯ ಸ್ವರೂಪವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. 2024ರ ಕ್ಯಾಟ್‌ನಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು. ಅದರ ಮೊದಲ ಭಾಗವಾದ ವಾರ್ಕ್‌ನಲ್ಲಿ, ಅಂದರೆ ಭಾಷೆ ಮತ್ತು ಓದಿನ ವಿಭಾಗದಲ್ಲಿ, 24 ಪ್ರಶ್ನೆಗಳು. ಸಮಯ 40 ನಿಮಿಷ. ಆ 24ರಲ್ಲಿ 16 ಪ್ರಶ್ನೆಗಳು ನಾಲ್ಕು ಪ್ಯಾಸೇಜುಗಳ ಮೇಲೆ ಬಂದವು. ಸರಿಯುತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ವಿಭಾಗದ 72 ಅಂಕಗಳಲ್ಲಿ 48 ಅಂಕ ಕೇವಲ ಓದಿಗೇ ಮೀಸಲು ಎಂದಾಯಿತು.

1. ‘ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗಷ್ಟೇ ಇದು ಸಾಧ್ಯ’

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಮನೆಯಲ್ಲಿ ಪುಸ್ತಕಗಳಿದ್ದು, ಚಿಕ್ಕಂದಿನಲ್ಲೇ ಇಂಗ್ಲಿಷ್ ಕಾದಂಬರಿ ಹಿಡಿದ ಮಗು ನಾಲ್ಕು ಹೆಜ್ಜೆ ಮುಂದಿನಿಂದ ಹೊರಡುತ್ತದೆ. ಆ ಅಂತರವನ್ನು ಅಲ್ಲಗಳೆಯುವುದು ಹಿಂದಿನಿಂದ ಹೊರಟವರಿಗೆ ಮಾಡುವ ಅನ್ಯಾಯ. ಆದರೆ ಮುಂದಿನಿಂದ ಹೊರಟವರೆಲ್ಲ ಮುಟ್ಟುತ್ತಾರೆ, ಹಿಂದಿನವರು ಮುಟ್ಟುವುದೇ ಇಲ್ಲ ಎಂಬುದು ಮಾತ್ರ ಸುಳ್ಳು.

ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿ, ಎಂಜಿನಿಯರಿಂಗ್ ಮುಗಿಸಿ, ಕಂಪನಿಯಲ್ಲಿ ಇಡೀ ದಿನ ಇಂಗ್ಲಿಷ್ ಮಾತಾಡುವವರೂ ಇದೇ ಪ್ಯಾಸೇಜುಗಳ ಮುಂದೆ ತಡವರಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರಿಗೆ ಇಂಗ್ಲಿಷ್ ಬರುತ್ತದೆ. ಬರದೇ ಇರುವುದು ಪ್ಯಾಸೇಜಿನ ವಿಷಯ. ಕ್ಯಾಟ್‌ನ ಪ್ಯಾಸೇಜುಗಳು ತತ್ವಶಾಸ್ತ್ರ, ಮಾನವಶಾಸ್ತ್ರ, ಅರ್ಥಶಾಸ್ತ್ರ, ಪರಿಸರ, ಕಲೆಯ ಇತಿಹಾಸ ಹೀಗೆ ಎಲ್ಲಿಂದ ಬೇಕಾದರೂ ಬರುತ್ತವೆ. ಮೊದಲ ಪಿಯುಸಿಯಲ್ಲಿ ಪಿಸಿಎಂಬಿ ಹಿಡಿದ ದಿನದಿಂದ ಪಠ್ಯಪುಸ್ತಕ ಬಿಟ್ಟು ಬೇರೆ ಗದ್ಯ ಓದದವರಿಗೆ ಆ ಲೋಕವೇ ಅಪರಿಚಿತ.

ಹಿನ್ನೆಲೆಯ ಅರಿವು ಓದನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ಅರ್ಧ ಇನ್ನಿಂಗ್ಸಿನ ವಿವರಣೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದುಳಿದವರು ಎನಿಸಿಕೊಂಡಿದ್ದರೂ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅದನ್ನು ಗ್ರಹಿಸಿದರು. ಓದುವ ಶಕ್ತಿ ಹುಟ್ಟಿನಿಂದಲೇ ಗಟ್ಟಿಯಾಗಿಬಿಡುವ ವಸ್ತುವಾಗಿದ್ದರೆ ಹೀಗಾಗುತ್ತಿರಲಿಲ್ಲ. ಅರಿವು ಹೆಚ್ಚಿದಂತೆ ಓದು ಹೆಚ್ಚುತ್ತದೆ; ಅರಿವನ್ನು ಇಪ್ಪತ್ತೆರಡನೇ ವಯಸ್ಸಿನಲ್ಲೂ ಗಳಿಸಬಹುದು. ನಾಲ್ಕೈದು ತಿಂಗಳು ವಾರಕ್ಕೊಂದು ಹೊಸ ವಿಷಯದ ಬರಹಗಳನ್ನು ಓದಿದವರಿಗೆ ವಸಾಹತುಶಾಹಿ, ಮಾರುಕಟ್ಟೆಯ ವೈಫಲ್ಯ, ಪ್ರಜ್ಞೆಯ ಸಮಸ್ಯೆ ಇವೆಲ್ಲ ಹೆದರಿಸುವ ಹೆಸರುಗಳಾಗಿ ಉಳಿಯುವುದಿಲ್ಲ.

2. ‘ಪದಸಂಪತ್ತು ಬೆಳೆಸಿಕೊಂಡರೆ ಓದು ತಾನಾಗಿ ಬರುತ್ತದೆ’

ಪದಗಳು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಇಂಗ್ಲಿಷಿನ ಕಾದಂಬರಿ, ಪತ್ರಿಕೆಗಳಲ್ಲಿ ನೂರಕ್ಕೆ 98 ಪದಗಳು ಪರಿಚಿತವಾಗಿರಬೇಕಾದರೆ ಸುಮಾರು ಎಂಟು ಒಂಬತ್ತು ಸಾವಿರ ಪದಕುಟುಂಬಗಳು ಗೊತ್ತಿರಬೇಕು ಎಂದು ಭಾಷಾಕಲಿಕೆಯ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನನ್ನ ತಕರಾರು ಇರುವುದು ಪದಗಳ ಮೇಲಲ್ಲ, ಪಟ್ಟಿಯ ಮೇಲೆ.

ಒಂದು ಪದದ ಮುಂದೆ ಒಂದು ಅರ್ಥ ಬರೆದ ಪಟ್ಟಿಯನ್ನು ಉರು ಹೊಡೆದವರಿಗೆ ಆ ಪದ ಯಾರ ಪಕ್ಕ ಕೂರುತ್ತದೆ, ಹೊಗಳಿಕೆಯಲ್ಲಿ ಬರುತ್ತದೋ ತೆಗಳಿಕೆಯಲ್ಲಿ ಬರುತ್ತದೋ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಬೇರೆ ಬೇರೆ ವಾಕ್ಯಗಳಲ್ಲಿ ಅದೇ ಪದವನ್ನು ಹಲವು ಸಲ ಕಂಡಾಗ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನೂರಕ್ಕೆ 98ರಷ್ಟು ಪದ ಗೊತ್ತಿದ್ದರೂ 500 ಪದಗಳ ಪ್ಯಾಸೇಜಿನಲ್ಲಿ ಹತ್ತು ಪದ ಗೊತ್ತಿಲ್ಲದವು ಸಿಕ್ಕೇ ಸಿಗುತ್ತವೆ. ಆ ಹತ್ತನ್ನು ಕಂಡು ಗಾಬರಿಯಾಗದೆ, ಸುತ್ತಲಿನ ವಾಕ್ಯಗಳಿಂದ ಅಂದಾಜು ಮಾಡಿಕೊಂಡು ವಾದದ ಎಳೆ ಹಿಡಿದು ಮುಂದೆ ಸಾಗುವುದೇ ಪರೀಕ್ಷೆ ಕೇಳುವ ಕೌಶಲ. ಪಟ್ಟಿ ಇದನ್ನು ಕಲಿಸುವುದಿಲ್ಲ.

ಪರೀಕ್ಷೆ ನಡೆಸುವವರೂ ಇದೇ ದಿಕ್ಕಿನಲ್ಲಿ ಸಾಗಿದ್ದಾರೆ. ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬೇಕಾದ ಜಿಆರ್‌ಇ 2011ರಲ್ಲೇ ವಿರುದ್ಧಪದ, ಪದಸಾದೃಶ್ಯದ ಪ್ರಶ್ನೆಗಳನ್ನು ಕೈಬಿಟ್ಟಿತು. 2023ರ ನವೆಂಬರಿನಲ್ಲಿ ಹೊಸ ರೂಪಕ್ಕೆ ಬಂದ, ಬಿಸಿನೆಸ್ ಶಾಲೆಗಳ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್ ತನ್ನ ವ್ಯಾಕರಣದ ಪ್ರಶ್ನೆಗಳನ್ನು ತೆಗೆದುಹಾಕಿ ಭಾಷೆಯ ಭಾಗದಲ್ಲಿ ಓದುಗ್ರಹಿಕೆ ಮತ್ತು ತಾರ್ಕಿಕ ಓದು ಎರಡನ್ನೇ ಉಳಿಸಿಕೊಂಡಿತು. ಈಚಿನ ಕ್ಯಾಟ್‌ಗಳಲ್ಲಿ ‘ಈ ಪದದ ಅರ್ಥವೇನು’ ಎಂದು ನೇರವಾಗಿ ಕೇಳುವ ಪ್ರಶ್ನೆ ಇಲ್ಲ. ಮೂರು ಪರೀಕ್ಷೆಗಳೂ ಬಿಡಿ ಪದ, ಬಿಡಿ ವ್ಯಾಕರಣವನ್ನು ಬಿಟ್ಟು ಓದಿನ ಕಡೆಗೆ ಹೊರಳಿರುವಾಗ ನಾವಿನ್ನೂ ಮಕ್ಕಳ ಕೈಗೆ ಪಟ್ಟಿ ಕೊಡುತ್ತಿದ್ದೇವೆ.

3. ‘ಸಮಯ ಸಾಲುವುದಿಲ್ಲ, ಆದ್ದರಿಂದ ವೇಗವಾಗಿ ಓದುವುದನ್ನು ಕಲಿಯಬೇಕು’

ಇದಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ಇಂಗ್ಲಿಷ್ ಬಲ್ಲ ವಯಸ್ಕರು ಕಥೆಯಲ್ಲದ ಗದ್ಯವನ್ನು ಮನಸ್ಸಿನಲ್ಲೇ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಎಂದು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ತೋರಿಸಿದರು. ನಮ್ಮ ಹುಡುಗರ ವೇಗ ಅದಕ್ಕಿಂತ ಕಡಿಮೆ, ನಿಮಿಷಕ್ಕೆ 200 ಪದ ಎಂದೇ ಇಟ್ಟುಕೊಳ್ಳೋಣ. 500 ಪದಗಳ ಪ್ಯಾಸೇಜಿಗೆ ಎರಡೂವರೆ ನಿಮಿಷ, ನಾಲ್ಕು ಪ್ಯಾಸೇಜಿಗೆ ಹತ್ತು ನಿಮಿಷ. ಕೈಯಲ್ಲಿ ಇರುವುದು ನಲವತ್ತು. ಉಳಿದ ಎಂಟು ಪ್ರಶ್ನೆಗಳಿಗೆ ಹತ್ತು ನಿಮಿಷ ಎತ್ತಿಟ್ಟರೂ 16 ಆರ್‌ಸಿ ಪ್ರಶ್ನೆಗಳಿಗೆ ಇಪ್ಪತ್ತು ನಿಮಿಷ ಮಿಗುತ್ತದೆ. ಒಂದು ಪ್ರಶ್ನೆಗೆ ಒಂದು ಕಾಲು ನಿಮಿಷ! ಓದುವ ವೇಗವನ್ನು ದುಪ್ಪಟ್ಟು ಮಾಡಿಕೊಂಡರೆ ಉಳಿಯುವುದು ಐದು ನಿಮಿಷ ಮಾತ್ರ. ಆ ಐದು ನಿಮಿಷಕ್ಕಾಗಿ ಗ್ರಹಿಕೆಯನ್ನೇ ಪಣಕ್ಕಿಡುವುದು ನಷ್ಟದ ವ್ಯಾಪಾರ.

ಹಾಗಿದ್ದರೆ ಸಮಯ ಎಲ್ಲಿ ಹೋಗುತ್ತದೆ? ಮೊದಲ ಓದಿನಲ್ಲಿ ಏನೂ ದಕ್ಕದೆ ಪ್ರತಿ ಪ್ರಶ್ನೆಗೂ ಪ್ಯಾಸೇಜಿಗೆ ವಾಪಸು ಓಡುವುದರಲ್ಲಿ ಹೋಗುತ್ತದೆ. ಎರಡು ಆಪ್ಷನ್‌ಗಳ ನಡುವೆ ತೂಗುಯ್ಯಾಲೆಯಾಡುವುದರಲ್ಲಿ ಹೋಗುತ್ತದೆ. ಇವೆರಡೂ ನಿಧಾನವಾಗಿ ಓದಿದ್ದರ ಫಲವಲ್ಲ, ಅರೆಬರೆ ಓದಿದ್ದರ ಫಲ. ವೇಗ ಹೆಚ್ಚಿದಂತೆ ಗ್ರಹಿಕೆ ತಗ್ಗುತ್ತದೆ, ಎರಡನ್ನೂ ಒಟ್ಟಿಗೆ ಕೊಡುವ ಮಾಯಾವಿದ್ಯೆ ಯಾವುದೂ ಇಲ್ಲ ಎಂಬ ನಿರ್ಣಯಕ್ಕೆ ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಬಂದರು. ಕಣ್ಣಿನ ಚಲನೆಯ ಅಧ್ಯಯನದಲ್ಲಿ ರೇನರ್ ಅವರದು ದೊಡ್ಡ ಹೆಸರು. ವೇಗ ಬರುವುದಾದರೆ ವಿಷಯದ ಪರಿಚಯದಿಂದ, ಭಾಷೆಯ ಬಳಕೆಯಿಂದ ಬರುತ್ತದೆ ಎಂಬುದೂ ಅವರ ವಿಶ್ಲೇಷಣೆಯಿಂದ ಹೊರಡುವ ಮಾತು. ಹೆಚ್ಚು ಓದಿದವರು ಬೇಗ ಓದುತ್ತಾರೆ. ಬೇಗ ಓದಲು ಕಲಿತ ಮಾತ್ರಕ್ಕೆ ಯಾರೂ ಹೆಚ್ಚು ತಿಳಿದವರಾಗಲಿಲ್ಲ.

4. ‘ಮೊದಲು ಪ್ರಶ್ನೆ ನೋಡಿ, ಆಮೇಲೆ ಪ್ಯಾಸೇಜಿನಲ್ಲಿ ಉತ್ತರ ಹುಡುಕಿದರೆ ಸಾಕು’

ಉಪಾಯಗಳಲ್ಲೆಲ್ಲ ಹೆಚ್ಚು ಹಾನಿ ಮಾಡಿರುವುದು ಇದು. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಗೆ ಇದು ಸಾಕಾಗುತ್ತಿತ್ತು, ಏಕೆಂದರೆ ಅಲ್ಲಿ ಉತ್ತರ ಪಠ್ಯದ ಯಾವುದೋ ಸಾಲಿನಲ್ಲಿ ಹಾಗೇ ಕೂತಿರುತ್ತಿತ್ತು. ಕ್ಯಾಟ್‌ನ ಪ್ರಶ್ನೆಗಳ ಉತ್ತರ ಒಂದು ಸಾಲಿನಲ್ಲಿ ಇರುವುದಿಲ್ಲ, ಸಾಲುಗಳ ನಡುವಿನ ಸಂಬಂಧದಲ್ಲಿ ಇರುತ್ತದೆ. ಮಾತಿನಲ್ಲಿ ಹೇಳಿದರೆ ಸಾಲದು, ಒಂದು ಉದಾಹರಣೆಯನ್ನೇ ನೋಡೋಣ. ಕನ್ನಡದಲ್ಲೇ ನಾನು ರಚಿಸಿಕೊಂಡ ಸಣ್ಣ ಪ್ಯಾಸೇಜು ಇದು:

‘ಊರ ಕೆರೆಗಳು ಹಾಳಾದದ್ದು ಜನರಿಗೆ ಅವುಗಳ ಮೇಲಿದ್ದ ಪ್ರೀತಿ ಕಡಿಮೆಯಾದದ್ದರಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹಿಂದೆಯೂ ಕೆರೆಯನ್ನು ಉಳಿಸಿದ್ದು ಬರಿಯ ಪ್ರೀತಿಯಲ್ಲ. ಹೂಳೆತ್ತುವ ಹೊಣೆ, ತೂಬು ತೆರೆಯುವ ಹಕ್ಕು, ನೀರು ಹಂಚುವ ಕ್ರಮ ಎಲ್ಲವೂ ಊರಿನವರ ಕೈಯಲ್ಲೇ ಇದ್ದವು. ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯ ಸಲ್ಲುತ್ತಿತ್ತು. ಮುಂದೆ ಹೊಣೆ ಇಲಾಖೆಗಳಿಗೆ ಹೋಯಿತು. ಕೊಳವೆಬಾವಿ ಬಂದು ಕೆರೆಯ ಅಗತ್ಯವೂ ತಗ್ಗಿತು. ಹಕ್ಕೂ ಇಲ್ಲದ, ಅಗತ್ಯವೂ ಇಲ್ಲದ ವಸ್ತುವಿನ ಮೇಲೆ ಪ್ರೀತಿ ಬಹುಕಾಲ ನಿಲ್ಲುವುದಿಲ್ಲ.’

ಪ್ರಶ್ನೆ: ಲೇಖಕರ ಮುಖ್ಯ ಅಭಿಪ್ರಾಯ ಯಾವುದು?

(ಅ) ಜನರ ಪ್ರೀತಿ ಕುಂದಿದ್ದೇ ಕೆರೆಗಳು ಹಾಳಾಗಲು ಮೂಲ ಕಾರಣ.
(ಆ) ಕೊಳವೆಬಾವಿಗಳು ಅಂತರ್ಜಲವನ್ನು ಬತ್ತಿಸಿ ಕೆರೆಗಳನ್ನು ಒಣಗಿಸಿದವು.
(ಇ) ಹಕ್ಕು, ಹೊಣೆ, ಅಗತ್ಯಗಳು ತಪ್ಪಿದ್ದರಿಂದ ಪ್ರೀತಿಯೂ ಕುಂದಿತು. ಪ್ರೀತಿಯ ಕೊರತೆಯೇ ಮೂಲವಲ್ಲ.
(ಈ) ಕೆರೆಗಳನ್ನು ಊರಿನವರ ಕೈಗೆ ಮರಳಿಸಿದರೆ ಮಾತ್ರ ಅವು ಉಳಿಯುತ್ತವೆ.

ಪ್ರಶ್ನೆ ಹಿಡಿದು ಹುಡುಕಲು ಹೊರಟವರ ಕಣ್ಣಿಗೆ ಮೊದಲ ಸಾಲೇ ಬೀಳುತ್ತದೆ. ಅಲ್ಲಿ ‘ಪ್ರೀತಿ’ ಇದೆ, ‘ಹಾಳಾದದ್ದು’ ಇದೆ. ಅವರು ‘ಅ’ ಗುರುತು ಹಾಕುತ್ತಾರೆ. ಆದರೆ ಅದು ಲೇಖಕರ ಮಾತಲ್ಲ, ಲೇಖಕರು ತಿದ್ದಲು ಹೊರಟಿರುವ ಲೋಕದ ಮಾತು. ‘ಆ’ ಆಯ್ಕೆ ಇನ್ನೊಂದು ಬಗೆಯ ಬಲೆ. ಕೊಳವೆಬಾವಿಯಿಂದ ಅಂತರ್ಜಲ ಕುಸಿದ ಸುದ್ದಿಯನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಪ್ಯಾಸೇಜು ಮಾತ್ರ ಅದನ್ನು ಹೇಳಿಲ್ಲ. ಕೆರೆಯ ಅಗತ್ಯ ತಗ್ಗಿತು ಎಂದಷ್ಟೇ ಹೇಳಿದೆ. ‘ಈ’ ಎಲ್ಲಕ್ಕಿಂತ ಕಷ್ಟದ್ದು. ಪ್ಯಾಸೇಜು ಓದಿದ ಸಹೃದಯರಿಗೆ ಹಾಗೆ ಅನಿಸುವುದು ಸಹಜ. ಆದರೆ ಲೇಖಕರು ಏಕೆ ಹಾಗಾಯಿತು ಎಂದು ವಿವರಿಸಿದ್ದಾರೆಯೇ ಹೊರತು ಮುಂದೇನು ಮಾಡಬೇಕೆಂದು ಹೇಳಿಲ್ಲ. ಉಳಿದದ್ದು ‘ಇ’. ಅದರ ಪದಗಳು ಪ್ಯಾಸೇಜಿನ ಯಾವೊಂದು ಸಾಲಿಗೂ ಪೂರಾ ಹೊಂದುವುದಿಲ್ಲ. ‘ಸತ್ಯವಿಲ್ಲದಿಲ್ಲ’ ಎಂಬ ಒಪ್ಪಿಗೆ, ‘ಆದರೆ’ ಎಂಬ ತಿರುವು, ಕೊನೆಯ ವಾಕ್ಯದಲ್ಲಿ ಕಾರಣ ಮತ್ತು ಪರಿಣಾಮ ಅದಲುಬದಲಾದದ್ದು ಇವೆಲ್ಲವನ್ನೂ ಕೂಡಿಸಿದವರಿಗೆ ಮಾತ್ರ ಅದು ಸಿಗುತ್ತದೆ.

‘ಮಾತ್ರ’, ‘ಯಾವಾಗಲೂ’ ಎಂಬಂಥ ಕಟ್ಟುನಿಟ್ಟಿನ ಪದವಿರುವ ಆಯ್ಕೆಯನ್ನು ಕಣ್ಣುಮುಚ್ಚಿ ತೆಗೆದುಹಾಕಿ ಎಂದು ಹೇಳಿಕೊಡುವವರೂ ಇದ್ದಾರೆ. ಮೇಲಿನ ಪ್ರಶ್ನೆಯಲ್ಲಿ ಅದು ಕೆಲಸ ಮಾಡುತ್ತದೆ. ಲೇಖಕರೇ ಕಟ್ಟುನಿಟ್ಟಿನ ನಿಲುವು ತಳೆದ ಪ್ಯಾಸೇಜು ಬಂದರೆ ಅದೇ ಉಪಾಯ ಸರಿಯುತ್ತರವನ್ನು ಕಸದ ಬುಟ್ಟಿಗೆ ಹಾಕಿಸುತ್ತದೆ. ಯಾವಾಗ ನಂಬಬೇಕು, ಯಾವಾಗ ಬಿಡಬೇಕು ಎಂದು ತಿಳಿಯಲು ಕೊನೆಗೂ ಪ್ಯಾಸೇಜನ್ನೇ ಓದಬೇಕು.

5. ‘ಮಾಕ್ ಟೆಸ್ಟ್‌ಗಳನ್ನು ಸಾಲಾಗಿ ಬರೆದರೆ ಸಾಕು’

ಥರ್ಮಾಮೀಟರ್ ಎಷ್ಟು ಸಲ ಇಟ್ಟರೂ ಅದರಿಂದ ಜ್ವರ ಇಳಿಯುವುದಿಲ್ಲ. ಮಾಕ್ ಅಳತೆಯ ಸಾಧನ. ಪರೀಕ್ಷೆಯ ಒತ್ತಡಕ್ಕೆ ಒಗ್ಗಿಕೊಳ್ಳಲು, ಯಾವ ಪ್ಯಾಸೇಜು ಮೊದಲು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಕಲಿಯಲು ಅದು ಬೇಕೇಬೇಕು. ಆದರೆ ವಾರಕ್ಕೆ ಮೂರು ಮಾಕ್ ಬರೆದು, ಪರ್ಸೆಂಟೈಲ್ ನೋಡಿ, ಬೇಸರಪಟ್ಟು ನಾಲ್ಕನೆಯದಕ್ಕೆ ಕೂರುವವರ ಅಂಕ ತಿಂಗಳುಗಟ್ಟಲೆ ಅಲ್ಲೇ ನಿಂತಿರುತ್ತದೆ. ಮೊದಲ ಮಾಕ್‌ನಲ್ಲಿ ಮಾಡಿದ ತಪ್ಪನ್ನೇ ಅವರು ಇಪ್ಪತ್ತನೆಯದರಲ್ಲೂ ಮಾಡುತ್ತಿರುತ್ತಾರೆ, ಏಕೆಂದರೆ ಆ ತಪ್ಪಿಗೆ ಹೆಸರಿಟ್ಟು ಗುರುತಿಸಿಕೊಂಡಿರುವುದಿಲ್ಲ.

ಇದಕ್ಕೆ ನಾನು ಹೇಳುವ ಪರಿಹಾರ ಒಂದು ನೋಟ್‌ಬುಕ್. ತಪ್ಪಾದ ಪ್ರತಿ ಪ್ರಶ್ನೆಗೂ ಅದರಲ್ಲಿ ಮೂರು ಸಾಲು ಬರೆಯಬೇಕು. ನಾನು ಆರಿಸಿದ್ದು ಯಾವುದು, ಅದು ಏಕೆ ಸರಿ ಎನಿಸಿತು? ಅದನ್ನು ಸುಳ್ಳಾಗಿಸುವ ವಾಕ್ಯ ಪ್ಯಾಸೇಜಿನಲ್ಲಿ ಯಾವುದು? ಸರಿಯುತ್ತರಕ್ಕೆ ಆಧಾರ ಎಲ್ಲಿದೆ? ನಮ್ಮ ಓದಿನ ಗುಂಪಿನ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಪುಟದಿಂದ ಪುಟಕ್ಕೆ ಒಂದೇ ಮಾತು ಬರುತ್ತಿತ್ತು: ‘ಪ್ಯಾಸೇಜಿನಲ್ಲಿ ಇಲ್ಲ, ನನ್ನ ತಲೆಯಲ್ಲಿತ್ತು.’ ತಾನು ಓದುವಾಗ ಲೇಖಕರ ಜಾಗದಲ್ಲಿ ತನ್ನ ಅಭಿಪ್ರಾಯವನ್ನು ಕೂರಿಸುತ್ತಿದ್ದೇನೆ ಎಂಬುದು ಆಕೆಗೆ ಗೊತ್ತಾದದ್ದು ಆ ಪುಟಗಳಿಂದ, ಯಾವ ಅಂಕಪಟ್ಟಿಯಿಂದಲೂ ಅಲ್ಲ. ಅದಾದ ಮೇಲೆ ಪ್ರತಿ ಉತ್ತರಕ್ಕೂ ಆಧಾರದ ಸಾಲನ್ನು ಬೆರಳಿಟ್ಟು ತೋರಿಸಿ ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡಳು. ನಲವತ್ತು ನಿಮಿಷದ ಒಂದು ವಿಭಾಗಕ್ಕೆ ಹೀಗೆ ಎರಡು ಗಂಟೆಯ ಪರಿಶೀಲನೆ ಬೇಕಾಗುತ್ತದೆ. ಅಷ್ಟು ಪುರಸೊತ್ತಿಲ್ಲದಿದ್ದರೆ ಮಾಕ್‌ಗಳ ಸಂಖ್ಯೆ ಇಳಿಸಿ, ಪರಿಶೀಲನೆ ಬಿಡಬೇಡಿ.

ಪರೀಕ್ಷೆಯೇ ಕಲಿಸುತ್ತದೆ ಎಂದು ಸಂಶೋಧನೆ ಹೇಳುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ನಿಜ: ಓದಿದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆದು ಬರೆದರೆ ವಾರದ ಮೇಲೂ ಹೆಚ್ಚು ಉಳಿಯುತ್ತದೆ. ಅದನ್ನು ನಾವು ಹೀಗೆ ಬಳಸಬೇಕು: ಲೇಖನ ಓದಿ ಮುಚ್ಚಿಟ್ಟು, ಲೇಖಕರು ಯಾವುದನ್ನು ಎದುರಿಸುತ್ತಿದ್ದಾರೆ, ಏನು ಹೇಳುತ್ತಿದ್ದಾರೆ, ಅದಕ್ಕೆ ಏನು ಆಧಾರ ಕೊಡುತ್ತಿದ್ದಾರೆ ಎಂದು ಮೂರು ವಾಕ್ಯಗಳಲ್ಲಿ ಬರೆಯುವುದು. ಆಮೇಲೆ ಲೇಖನ ತೆರೆದು ಹೋಲಿಸಿಕೊಳ್ಳುವುದು. ಇದಕ್ಕೆ ಫೀಸು ಬೇಕಿಲ್ಲ.

6. ‘ಕನ್ನಡ ಓದಿ ಸಮಯ ಹಾಳು ಮಾಡಬೇಡ, ಇಂಗ್ಲಿಷಷ್ಟೇ ಓದು’

ಕ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಆದ್ದರಿಂದ ಇಂಗ್ಲಿಷ್ ಗದ್ಯವನ್ನು ದಿನವೂ ಓದದೆ ಗತ್ಯಂತರವಿಲ್ಲ. ಕನ್ನಡದ ಓದು ಅದಕ್ಕೆ ಬದಲಿಯಾಗದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕನ್ನಡ ಓದುವುದು ದಂಡ ಎಂಬ ಮಾತನ್ನು ಒಪ್ಪಲಾರೆ.

ಒಂದು ವಾದದ ಜಾಡು ಹಿಡಿಯುವುದು, ಲೇಖಕರ ಧ್ವನಿಯನ್ನು ಗುರುತಿಸುವುದು, ಉದಾಹರಣೆ ಯಾವುದು, ತೀರ್ಮಾನ ಯಾವುದು ಎಂದು ಬೇರ್ಪಡಿಸುವುದು ಇವು ಯಾವುದೇ ಒಂದು ಭಾಷೆಗೆ ಸೇರಿದ ಸೊತ್ತಲ್ಲ. ಒಂದು ಭಾಷೆಯಲ್ಲಿ ಬೆಳೆದ ಇಂಥ ಸಾಮರ್ಥ್ಯ ಇನ್ನೊಂದು ಭಾಷೆಗೆ ಒದಗಿಬರುತ್ತದೆ ಎಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಿಂದಲೂ ವಾದಿಸುತ್ತ ಬಂದಿದ್ದಾರೆ. ಎರಡನೇ ಭಾಷೆಯೂ ಒಂದು ಮಟ್ಟಕ್ಕೆ ಬೆಳೆದಿರಬೇಕು ಎಂಬ ಷರತ್ತು ಅದಕ್ಕಿದೆ. ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ವಾದಕ್ಕೆ ಪ್ರತಿವಾದ ಇಟ್ಟು ಬಿಡಿಸುತ್ತ ಹೋಗುವ ಎ.ಎನ್. ಮೂರ್ತಿರಾಯರ ‘ದೇವರು’ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿದವರಿಗೆ ಇಂಗ್ಲಿಷಿನ ತತ್ವಶಾಸ್ತ್ರದ ಪ್ಯಾಸೇಜು ಹೊಸ ಊರಿನಂತೆ ಕಾಣುವುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನೂ ಪ್ರವಾಸವನ್ನೂ ಹೆಣೆಯುವ ಬಗೆ, ಡಿ.ಆರ್. ನಾಗರಾಜ್ ಅವರ ವಿಮರ್ಶೆಯ ಬಿಗಿ ಇವುಗಳನ್ನು ಅರಗಿಸಿಕೊಂಡ ಓದುಗ ದುರ್ಬಲ ಓದುಗನಲ್ಲ. ಅವನಿಗೆ ಮುಖ್ಯವಾಗಿ ಕೊರತೆ ಇರುವುದು ಇಂಗ್ಲಿಷ್ ವಾಕ್ಯರಚನೆಯ ಅಭ್ಯಾಸದಲ್ಲಿ.

ಆ ಕೊರತೆಯನ್ನು ನೀಗಿಸಲೂ ಕ್ರಮವಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದದ ಮುಂದೆ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಕರ್ತೃ ಒಂದು ಕಡೆ ನಿಂತು, ಅದರ ಬೆನ್ನಿಗೆ ಎರಡು ಮೂರು ಉಪವಾಕ್ಯಗಳು ಸೇರಿ, ಕ್ರಿಯಾಪದ ಎಲ್ಲೋ ದೂರದಲ್ಲಿ ಸಿಗುತ್ತದೆ. ಉದ್ದದ ವಾಕ್ಯ ಬಂದಾಗ ಮೊದಲು ಕರ್ತೃ ಮತ್ತು ಮುಖ್ಯ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಿರಿ, ಉಳಿದದ್ದನ್ನು ಕಂಸದಲ್ಲಿ ಹಾಕಿ. ದಿನಕ್ಕೆ ಐದು ವಾಕ್ಯ ಹೀಗೆ ಬಿಡಿಸಿದರೆ ಕಣ್ಣು ಕೆಲವೇ ವಾರಗಳಲ್ಲಿ ಆ ಕೆಲಸವನ್ನು ತಾನೇ ಮಾಡತೊಡಗುತ್ತದೆ.

7. ‘ಗಣಿತದಲ್ಲಿ ಅಂಕ ತೆಗೆದು ಇದನ್ನು ಸರಿದೂಗಿಸಿದರಾಯಿತು’

ಇದು ನಮ್ಮ ಎಂಜಿನಿಯರುಗಳ ನೆಚ್ಚಿನ ಲೆಕ್ಕಾಚಾರ. ಆದರೆ ನಿಯಮಗಳೇ ಇದಕ್ಕೆ ಅಡ್ಡಬರುತ್ತವೆ. ಐಐಎಂಗಳು ಒಟ್ಟು ಪರ್ಸೆಂಟೈಲ್ ಜೊತೆಗೆ ಪ್ರತಿ ವಿಭಾಗಕ್ಕೂ ಪ್ರತ್ಯೇಕ ಕಟಾಫ್ ಇಡುತ್ತವೆ. ಗಣಿತದಲ್ಲಿ ಎಷ್ಟೇ ಎತ್ತರಕ್ಕೆ ಹೋದರೂ ವಾರ್ಕ್‌ನ ಕಟಾಫ್ ದಾಟದಿದ್ದರೆ ಇಂಟರ್‌ವ್ಯೂ ಕರೆ ಬರುವುದಿಲ್ಲ. ಪ್ರತಿ ವಿಭಾಗದ ನಲವತ್ತು ನಿಮಿಷ ಬೀಗ ಹಾಕಿದ್ದು. ಒಂದರಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಸೀಟು ಸಿಕ್ಕ ಮೇಲಿನದು. ಐಐಎಂಗಳ ಪಾಠಕ್ರಮದಲ್ಲಿ ಕೇಸ್ ಪದ್ಧತಿಗೆ ದೊಡ್ಡ ಸ್ಥಾನವಿದೆ. ಅಹಮದಾಬಾದಿನ ಸಂಸ್ಥೆ 1961ರಲ್ಲಿ ಶುರುವಾದಾಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಹಯೋಗದೊಂದಿಗೆ ಆ ಪದ್ಧತಿಯನ್ನು ತಂದಿತು. 1973ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಐಐಎಂನಲ್ಲೂ ಕೇಸ್ ಓದದೆ ತರಗತಿಗೆ ಹೋಗುವಂತಿಲ್ಲ. ಒಂದು ಕಂಪನಿಯ ಕಥೆಯನ್ನು ಪುಟಗಟ್ಟಲೆ ಓದಿ, ಸಮಸ್ಯೆ ಯಾವುದು, ಗದ್ದಲ ಯಾವುದು ಎಂದು ಮರುದಿನ ಎಲ್ಲರೆದುರು ಹೇಳಬೇಕು. ಪ್ಯಾಸೇಜನ್ನು ಹೇಗೋ ದಾಟಿಬಂದವರು ಅಲ್ಲಿ ಪ್ರತಿದಿನ ಸೋಲುತ್ತಾರೆ. ಓದು ಬಾಗಿಲಲ್ಲಿ ಕಟ್ಟುವ ಸುಂಕವಲ್ಲ, ಒಳಗೆ ಹೋದ ಮೇಲೆ ಮಾಡಬೇಕಾದ ಕೆಲಸವೇ ಅದು.

8. ‘ಎಐ ಸಾರಾಂಶ ಕೊಡುವ ಕಾಲದಲ್ಲಿ ಇಷ್ಟು ಕಷ್ಟವೇಕೆ?’

ಈಚೆಗೆ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಉದ್ದದ ಲೇಖನವನ್ನು ಯಂತ್ರಕ್ಕೆ ಕೊಟ್ಟು ಐದು ಸಾಲಿನ ಸಾರ ಪಡೆದು ಓದಿದರೆ ದಿನಕ್ಕೆ ಹತ್ತು ಲೇಖನ ಮುಗಿಯುತ್ತದೆ ಎನ್ನುತ್ತಾರೆ. ಮುಗಿಯುತ್ತದೆ, ನಿಜ. ಆದರೆ ಸಾರ ತೆಗೆಯುವುದೇ ಪರೀಕ್ಷೆ ನಮ್ಮಿಂದ ಬಯಸುವ ಕೆಲಸ. ಆ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಂಡ ಪ್ರತಿ ದಿನವೂ ನಮ್ಮ ಶಕ್ತಿ ಒಂದಿಷ್ಟು ಕುಗ್ಗುತ್ತದೆ. ಮೊದಲು ನೀವೇ ಮೂರು ವಾಕ್ಯ ಬರೆಯಿರಿ. ಬರೆದಾದ ಮೇಲೆ ‘ಇದರಲ್ಲಿ ನಾನು ಬಿಟ್ಟದ್ದೇನು’ ಎಂದು ಯಂತ್ರವನ್ನು ಕೇಳಿ, ಅದರ ಉತ್ತರವನ್ನೂ ಮೂಲದೊಂದಿಗೆ ತಾಳೆ ನೋಡಿ. ಈ ಕ್ರಮ ತಿರುಗುಮುರುಗಾಗಬಾರದು.

ಪರದೆಯ ವಿಚಾರವನ್ನೂ ಇಲ್ಲೇ ಹೇಳಬೇಕು. 2018ರಲ್ಲಿ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮಾಹಿತಿಯ ಗದ್ಯವನ್ನು ಸಮಯದ ಒತ್ತಡದಲ್ಲಿ ಓದುವವರಿಗೆ ಪರದೆಗಿಂತ ಕಾಗದದ ಮೇಲೆ ಗ್ರಹಿಕೆ ಉತ್ತಮ ಎಂದು ಕಂಡುಬಂತು. ಕ್ಯಾಟ್ 2009ರಿಂದ ಕಂಪ್ಯೂಟರಿನ ಮೇಲೇ ನಡೆಯುತ್ತಿದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಕಾಗದದ ಮೇಲೆ ಓದಿ ಆಳ ಸಾಧಿಸಿ. ಆಮೇಲೆ ಪರದೆಗೆ ಬಂದು, ಪ್ರತಿ ಪ್ಯಾರಾಕ್ಕೆ ರಫ್ ಹಾಳೆಯ ಮೇಲೆ ನಾಲ್ಕು ಪದ ಗೀಚಿಕೊಳ್ಳುವುದನ್ನು ರೂಢಿಸಿಕೊಳ್ಳಿ. ಮೊಬೈಲಿನಲ್ಲಿ ಬೆರಳಾಡಿಸುತ್ತ ಓದಿದ್ದು ಈ ಅಭ್ಯಾಸದ ಲೆಕ್ಕಕ್ಕೆ ಸೇರುವುದಿಲ್ಲ.

ಉಳಿದ ಮಾತು

ಈ ಎಂಟು ಆಕ್ಷೇಪಗಳ ಬೇರು ಒಂದೇ. ಓದು ಎಂದರೆ ಕಣ್ಣಿನಿಂದ ಪದಗಳನ್ನು ದಾಟುವುದು, ಅದನ್ನು ನಾವೆಲ್ಲ ಒಂದನೇ ತರಗತಿಯಲ್ಲೇ ಕಲಿತಾಗಿದೆ, ಇನ್ನು ಕಲಿಯಲು ಉಳಿದಿಲ್ಲ ಎಂಬ ನಂಬಿಕೆ. ಹೀಗೆ ನಂಬಿದವರು ಒಂದೋ ಅದೃಷ್ಟದ ಮಾತಾಡುತ್ತಾರೆ, ಇಲ್ಲವೇ ಅಡ್ಡದಾರಿ ತೋರಿಸುತ್ತಾರೆ. ನಮ್ಮ ಕಾಲೇಜುಗಳು ಮೂರು ನಾಲ್ಕು ವರ್ಷ ನೋಟ್ಸ್ ಓದಿಸಿ, ಗೈಡ್ ಓದಿಸಿ, ಒಂದೇ ಒಂದು ಇಡೀ ಪ್ರಬಂಧವನ್ನು ಕೂತು ಚರ್ಚಿಸದೆ ಪದವಿ ಕೊಟ್ಟು ಕಳಿಸುತ್ತವೆ. ಆ ಕೊರತೆಯ ಹೊಣೆಯನ್ನು ಹುಡುಗರ ಬುದ್ಧಿಯ ಮೇಲೆ, ಅವರ ಊರಿನ ಮೇಲೆ, ಅವರು ಕಲಿತ ಮಾಧ್ಯಮದ ಮೇಲೆ ಹೊರಿಸುವುದು ನ್ಯಾಯವಲ್ಲ.

ಪರೀಕ್ಷೆಗೆ ಎಂಟು ತಿಂಗಳಿದೆ ಎನ್ನುವವರಿಗೆ ನಾನು ಹೇಳುವುದಿಷ್ಟು. ದಿನಕ್ಕೆ ಮುಕ್ಕಾಲು ಗಂಟೆ ಎತ್ತಿಡಿ. ಒಂದು ದಿನ ಅರ್ಥಶಾಸ್ತ್ರ, ಒಂದು ದಿನ ಇತಿಹಾಸ, ಒಂದು ದಿನ ವಿಜ್ಞಾನ, ಒಂದು ದಿನ ತತ್ವಶಾಸ್ತ್ರ ಅಥವಾ ಕಲೆ ಎಂದು ಸರದಿ ಹಾಕಿಕೊಳ್ಳಿ. ನಿಮಗೆ ಬೇಸರ ತರುವ ವಿಷಯಕ್ಕೆ ಎರಡು ದಿನ ಕೊಡಿ. ಲೇಖನ ಮುಚ್ಚಿಟ್ಟು ಮೂರು ವಾಕ್ಯ ಬರೆಯಿರಿ. ಮೊದಲ ಎರಡು ತಿಂಗಳು ಗಡಿಯಾರ ನೋಡಬೇಡಿ. ಮೂರನೇ ತಿಂಗಳಿನಿಂದ ಹಳೆಯ ಕ್ಯಾಟ್ ಪ್ರಶ್ನೆಪತ್ರಿಕೆಗಳ ಪ್ಯಾಸೇಜುಗಳನ್ನು ಹಿಡಿಯಿರಿ, ಏಕೆಂದರೆ ಅವುಗಳಷ್ಟು ಹದವಾದ ಆಪ್ಷನ್‌ಗಳು ಬೇರೆಡೆ ಸಿಗುವುದು ಅಪರೂಪ. ತಪ್ಪುಗಳ ನೋಟ್‌ಬುಕ್ ಅಲ್ಲಿಂದ ಶುರುವಾಗಲಿ. ಕೊನೆಯ ಮೂರು ತಿಂಗಳು ಮಾಕ್‌ಗಳಿಗೆ ಸಾಕು. ಸಾಧ್ಯವಾದರೆ ಇಬ್ಬರು ಮೂವರು ಸೇರಿ ಓದಿ. ಒಂದೇ ಪ್ಯಾಸೇಜಿಗೆ ಮೂವರು ಮೂರು ಉತ್ತರ ಹೇಳಿ, ಆಧಾರ ತೋರಿಸಿ ಎಂದು ಪರಸ್ಪರ ಕೇಳಿಕೊಳ್ಳುವ ಅರ್ಧ ಗಂಟೆಯಲ್ಲಿ ಆಗುವ ಕಲಿಕೆ ದೊಡ್ಡದು.

ಹೀಗೆ ಮಾಡಿದವರೆಲ್ಲರಿಗೂ ಐಐಎಂ ಸೀಟು ಸಿಗುತ್ತದೆ ಎಂಬ ಭರವಸೆಯನ್ನು ನಾನು ಕೊಡುವುದಿಲ್ಲ. ಸೀಟುಗಳು ಕೆಲವೇ, ಬರೆಯುವವರು ಲಕ್ಷಗಟ್ಟಲೆ. ಆದರೆ ಎಂಟು ತಿಂಗಳು ಹೀಗೆ ಓದಿದವರು ಮೊದಲಿನ ಓದುಗರಾಗಿ ಉಳಿಯುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ನಾಳೆ ಅವರು ಬಾಡಿಗೆ ಕರಾರು ಓದಲಿ, ಸಾಲದ ಷರತ್ತು ಓದಲಿ, ಸರ್ಕಾರದ ಆದೇಶವನ್ನೋ ಪತ್ರಿಕೆಯ ಸಂಪಾದಕೀಯವನ್ನೋ ಓದಲಿ, ಅಲ್ಲಿ ಹೇಳಿರುವುದೇನು, ಹೇಳದೆ ಬಿಟ್ಟದ್ದೇನು ಎಂದು ಅವರಿಗೆ ಕಾಣುತ್ತದೆ. ಆದ್ದರಿಂದ ‘ನಿನ್ನ ಕೈಲಾಗದು’ ಎನ್ನುವ ಮೊದಲು ಎಂಟು ತಿಂಗಳು ಅವರಿಗೆ ಓದಲು ಕೊಡಿ, ಅವರ ಜೊತೆ ಕೂತು ಓದಿ. ಆಮೇಲೂ ನಿಮ್ಮ ಆಕ್ಷೇಪ ಉಳಿದಿದ್ದರೆ ಮತ್ತೆ ಉತ್ತರಿಸಲು ನಾನು ಸಿದ್ಧ.